ಯೋಗಕ್ಷೇಮದ ಹೊಣೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಗೃಹಸ್ಥರಲ್ಲಿ ಒಂದು ಮತವು ಎಷ್ಟು ಸರ್ವಸಮ್ಮತವಾಗಿದೆಯೆಂದರೆ, ಅದನ್ನು ಯಾರೂ ಮತವೆಂದೇ ಎಣಿಸುವುದಿಲ್ಲ, ಲೋಕಾನುಭವವೆಂದು ಕರೆಯುತ್ತಾರೆ. ದೇವರು ಪೂಜೆಗೆ, ಮನಸ್ಸಮಾಧಾನಕ್ಕೆ, ಹಬ್ಬಹರಿದಿನಗಳ ಸಡಗರಕ್ಕೆ. ಬಾಳಿನ ಭದ್ರತೆಗೆ ಮಾತ್ರ ಬ್ಯಾಂಕಿನ ಠೇವಣಿ, ಸ್ವಂತದ ಫ್ಲ್ಯಾಟು, ಲಾಕರಿನ ಚಿನ್ನ, ವಿಮೆಯ ಪಾಲಿಸಿ, ಸಾಧ್ಯವಾದರೆ ಕಡಲಾಚೆ ನೌಕರಿಯಲ್ಲಿರುವ ಒಬ್ಬ ಮಗ. ಇದು ಆ ಮತದ ಸಾರ. “ದೇವರಿದ್ದಾನೆ ಮಾರಾಯ್ರೆ, ಇಲ್ಲವೆಂದವರು ಯಾರು? ಆದರೆ ಕೈಯಲ್ಲಿ ನಾಲ್ಕು ಕಾಸು ಬೇಡವೋ?” ಎಂಬ ಮಾತನ್ನು, ಭಜನೆ ಮುಗಿದು ಪ್ರಸಾದ ಹಂಚುವ ಹೊತ್ತಿನಲ್ಲಿ ಒಮ್ಮೆಯಾದರೂ ಕೇಳದವರು ಈ ಪ್ರಾಂತದಲ್ಲಿ ವಿರಳ. ಈ ಮಾತಿನ ಪೂರ್ವಾರ್ಧವು ಶಿಷ್ಟಾಚಾರ; ಶ್ರದ್ಧೆಯೆಲ್ಲವೂ ಉತ್ತರಾರ್ಧದಲ್ಲಿದೆ.

ಉಳಿತಾಯವನ್ನು ನಾನು ನಿಂದಿಸುವವನಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಯುವ ಶಕ್ತಿಯುಳ್ಳವನು ಕೈಕಟ್ಟಿ ಕುಳಿತು ‘ಅವನೇ ನೋಡಿಕೊಳ್ಳುತ್ತಾನೆ’ ಎಂದರೆ, ಅದು ಆಲಸ್ಯವು ತೊಟ್ಟ ಕಾವಿ; ಅಂಥವನನ್ನು ಸಮರ್ಥಿಸಲು ನಾನು ಲೇಖನಿ ಹಿಡಿದಿಲ್ಲ. ಹಣವನ್ನು ಉಪಯೋಗಿಸುವುದು ಬೇರೆ, ಹಣಕ್ಕೆ ಶರಣಾಗುವುದು ಬೇರೆ. ಆ ಶರಣಾಗತಿಯನ್ನು ಪ್ರತ್ಯಕ್ಷ ಜ್ಞಾನವೆಂದೂ, ಈಶ್ವರನಲ್ಲಿಡುವ ಭರವಸೆಯನ್ನು ಕುರುಡು ನಂಬಿಕೆಯೆಂದೂ ವಿಂಗಡಿಸಿ, ತಾನು ಕಂಡದ್ದನ್ನಷ್ಟೇ ನಂಬುವವನೆಂದು ಬೀಗುವ ವಿದ್ಯಾವಂತನ ಜಾಣತನವೇ ಈ ಖಂಡನಕ್ಕೆ ವಿಷಯ.

ಈ ಮತವು ಎಷ್ಟು ನಯವಾಗಿ ನಮ್ಮ ಮನೆಯೊಳಕ್ಕೆ ಬಂದಿತೆಂಬುದಕ್ಕೆ ಜೀವ ವಿಮಾ ನಿಗಮದ ಲಾಂಛನಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 1956ರ ಸೆಪ್ಟೆಂಬರ್ 1ರಂದು, 245 ಖಾಸಗಿ ವಿಮಾ ಸಂಸ್ಥೆಗಳನ್ನು ಒಟ್ಟುಗೂಡಿಸಿ ರಚಿತವಾದ ಆ ನಿಗಮವು ದೀಪವೊಂದನ್ನು ಗಾಳಿಗೆ ಆರದಂತೆ ಕಾಯುವ ಎರಡು ಕೈಗಳನ್ನು ತನ್ನ ಚಿಹ್ನೆಯಾಗಿ ತಳೆಯಿತು. ‘ಯೋಗಕ್ಷೇಮಂ ವಹಾಮ್ಯಹಮ್’ ಎಂಬ ಧ್ಯೇಯವಾಕ್ಯವನ್ನಾದರೋ ಭಗವದ್ಗೀತೆಯ 9ನೆಯ ಅಧ್ಯಾಯದ 22ನೆಯ ಶ್ಲೋಕದಿಂದ ಆಯ್ದುಕೊಂಡಿತು. ನರಿಮನ್ ಪಾಯಿಂಟಿನಲ್ಲಿರುವ ಅದರ ಕೇಂದ್ರ ಕಚೇರಿಯ ಹೆಸರೂ ‘ಯೋಗಕ್ಷೇಮ’ವೇ. ಶ್ಲೋಕದಲ್ಲಿ ಆ ಹೊಣೆಯನ್ನು ಹೊರುತ್ತೇನೆಂದವನು ಶ್ರೀಕೃಷ್ಣ. ಅನ್ಯಚಿಂತೆಯಿಲ್ಲದೆ ಉಪಾಸಿಸುವುದು ಅಲ್ಲಿಯ ನಿಬಂಧನೆ. ಲಾಂಛನದಲ್ಲಿ ಆ ‘ನಾನು’ ಒಂದು ನಿಗಮವಾಯಿತು, ಅನನ್ಯತೆಯ ಸ್ಥಾನದಲ್ಲಿ ತ್ರೈಮಾಸಿಕ ಕಂತು ಬಂದಿತು. ನಿಗಮದ ಮೇಲೆ ನನಗೆ ಆಕ್ಷೇಪವಿಲ್ಲ. ಎಷ್ಟೋ ವಿಧವೆಯರಿಗೆ ಬಂಧುಗಳಿಗಿಂತ ಅದು ಹೆಚ್ಚು ನಿಯತ್ತಾಗಿ ನಡೆದುಕೊಂಡಿದೆ. ಪೂಜೆಯ ಕೋಣೆಯಲ್ಲಿ ಗೀತೆಯ ಆ ಅಧ್ಯಾಯವನ್ನು ಪಾರಾಯಣ ಮಾಡಿ ಎದ್ದುಬಂದು, ಅದೇ ಮಾತನ್ನು ಪಾಲಿಸಿಯ ಕಾಗದದ ಮೇಲೆ ಓದಿದಾಗ, ಎರಡನೆಯದನ್ನು ಮಾತ್ರ ನಿಜವೆಂದು ಭಾವಿಸುವ ಓದುಗನ ಮೇಲಿದೆ ನನ್ನ ಆಕ್ಷೇಪ.

ಅವನು ನಿಜವೆಂದು ಭಾವಿಸಿದ್ದರ ಗತಿಯನ್ನು ಈ ಊರುಗಳೇ ಕಂಡಿವೆ. 2019ರ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕು, ಪಂಜಾಬ್ ಆಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರನೊಬ್ಬನು ಆರು ತಿಂಗಳಲ್ಲಿ ಹಿಂತೆಗೆಯಬಹುದಾದ ಮೊತ್ತವನ್ನು 1,000 ರೂಪಾಯಿಗೆ ಮಿತಗೊಳಿಸಿತು. ಅದು ಚೀಟಿಯ ವ್ಯವಹಾರವಾಗಿರಲಿಲ್ಲ, ಹಣ ಇಮ್ಮಡಿಯಾಗುವುದೆಂದು ಬೀದಿಯಲ್ಲಿ ಕೂಗಿದವರ ಅಂಗಡಿಯೂ ಆಗಿರಲಿಲ್ಲ. 1984ರಲ್ಲಿ ಸ್ಥಾಪಿತವಾಗಿ, ಲೆಕ್ಕಪರಿಶೋಧಕರ ಸಹಿ, ನಿಯಂತ್ರಕರ ಪರಿಶೀಲನೆ, ಫಲಕದ ಮೇಲಿನ ಪರವಾನಗಿ ಇವೆಲ್ಲವೂ ಇದ್ದ, ಪಿಂಚಣಿದಾರರೂ ವಸತಿ ಸೊಸೈಟಿಗಳೂ ಸಣ್ಣ ವ್ಯಾಪಾರಿಗಳೂ ಸಹಜವಾಗಿ ಹಣವಿಡುತ್ತಿದ್ದ ಬ್ಯಾಂಕು. ಅದು ಕೊಟ್ಟಿದ್ದ ಸಾಲದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಸಂದಿತ್ತೆಂದೂ, ಅದನ್ನು ಮರೆಮಾಚಲು 21,049 ಕಲ್ಪಿತ ಖಾತೆಗಳನ್ನು ಸೃಷ್ಟಿಸಲಾಗಿತ್ತೆಂದೂ ತನಿಖೆಯಲ್ಲಿ ಹೊರಬಿದ್ದಿತು. ಕಾಣದ ದೇವರನ್ನು ಹೇಗೆ ನಂಬಲೆಂದು ಕೇಳುತ್ತಿದ್ದ ಮಹಾಶಯನು ಇಲ್ಲದ ಇಪ್ಪತ್ತೊಂದು ಸಾವಿರ ಸಾಲಗಾರರನ್ನು ನಂಬಿ ನಿಶ್ಚಿಂತನಾಗಿ ಮಲಗಿದ್ದನು. ಅವರನ್ನು ಅವನು ಕಂಡಿರಲಿಲ್ಲ. ಕಾಣಬೇಕೆಂದರೂ ಅವರು ಸಿಕ್ಕುತ್ತಿರಲಿಲ್ಲ. ಆ ಕಾಲಕ್ಕೆ ಠೇವಣಿಯ ವಿಮೆಯು 1993ರಿಂದ ಒಂದೇ ಸಮನೆ 1 ಲಕ್ಷ ರೂಪಾಯಿಯಲ್ಲಿ ನಿಂತಿತ್ತು. 5 ಲಕ್ಷಕ್ಕೆ ಏರಿದುದು 2020ರ ಫೆಬ್ರವರಿಯಲ್ಲಿ, ಮನೆ ಸುಟ್ಟ ಮೇಲೆ.

ಬ್ಯಾಂಕನ್ನು ನಂಬದವರು ಚಿನ್ನವನ್ನು ನಂಬಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ, ದೀಪಾವಳಿಯ ಖರೀದಿಯ ದಿನಗಳಲ್ಲಿಯೇ, ಡೊಂಬಿವಲಿ ಮತ್ತು ಠಾಣೆಗಳಲ್ಲಿದ್ದ ಗುಡ್‌ವಿನ್ ಜ್ಯುವೆಲರ್ಸ್‌ನ ಮಳಿಗೆಗಳ ಬಾಗಿಲು ಒಮ್ಮೆಲೇ ಮುಚ್ಚಿತು; ಮಗಳ ಮದುವೆಗೆಂದು ತಿಂಗಳು ತಿಂಗಳೂ ಕಂತು ಕಟ್ಟಿದವರು ಬೀಗವನ್ನು ನೋಡಿಕೊಂಡು ನಿಂತರು. ಬ್ಯಾಂಕೂ ಬೇಡ, ಚಿನ್ನವೂ ಬೇಡ, ಇಟ್ಟಿಗೆ ಸಿಮೆಂಟು ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ ಎಂದವರ ಸರದಿ ತಡವಾಗಿ ಬಂದಿತು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಅನುಮತಿಯೆಂದು ಕೂಟಪತ್ರಗಳನ್ನು ಸೃಷ್ಟಿಸಿ, ಅವುಗಳ ಬಲದಿಂದಲೇ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿಯನ್ನೂ ಪಡೆದು ಎಬ್ಬಿಸಿದ 65 ಕಟ್ಟಡಗಳನ್ನು ಕೆಡವಬೇಕೆಂದು ಬೊಂಬಾಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆಜ್ಞಾಪಿಸಿತು. ಕೊಂಡವರು ಅಜ್ಞರಾಗಿರಲಿಲ್ಲ, ನೋಂದಣಿ ಸಂಖ್ಯೆಯನ್ನು ನೋಡಿದ್ದರು, ಗೃಹಸಾಲವನ್ನು ಪಡೆದಿದ್ದರು. ಮುದ್ರೆಯನ್ನು ಮುದ್ರೆಯೊಂದು ಪ್ರಮಾಣೀಕರಿಸಿತ್ತು, ಆ ಮುದ್ರೆಯನ್ನು ಇನ್ನೊಂದು. ಬುಡದಲ್ಲಿದ್ದ ಮೊದಲನೆಯದು ಸುಳ್ಳು.

ಇಷ್ಟಾದ ಮೇಲೂ 2025ರ ಜನವರಿಯ ಮೊದಲ ವಾರದಲ್ಲಿ, ವಾರವಾರಕ್ಕೆ ಬಡ್ಡಿ ಕೊಡುವೆವೆಂದು ಹರಳುಗಳನ್ನು ಮಾರುತ್ತಿದ್ದ ಟೊರೆಸ್ ಎಂಬ ಆಭರಣದಂಗಡಿಯ ಮುಂದೆ ಹಣ ಕಳೆದುಕೊಂಡವರು ಗುಂಪುಗೂಡಿದ ಸುದ್ದಿ ಬಂದಿತು. ದಾದರಿನ ಮಳಿಗೆಯಲ್ಲದೆ ಕಲ್ಯಾಣ, ನವಿ ಮುಂಬಯಿಗಳಲ್ಲಿಯೂ ಅದರ ಶಾಖೆಗಳಿದ್ದವು. ವರ್ಷಕ್ಕೆ ಏಳೆಂಟು ಪಾಲಿನ ಬಡ್ಡಿಗೆ ತೃಪ್ತನಾದ ಸಹಕಾರಿ ಬ್ಯಾಂಕಿನ ಠೇವಣಿದಾರನನ್ನೂ, ವಾರಕ್ಕೆ ಅಷ್ಟನ್ನು ಬಯಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮೊದಲನೆಯವನು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಎರಡನೆಯವನನ್ನು ಓಡಿಸಿದುದು ಬರಿಯ ದುರಾಶೆಯೆಂದು ನಾನು ಒಪ್ಪೆನು; ಇಟ್ಟದ್ದು ಎಂದಿಗೂ ಸಾಲದೆಂಬ ಭೀತಿಯೂ ಅಲ್ಲಿತ್ತು.

ಇದಕ್ಕೆ ಪ್ರತಿಪಕ್ಷದವರು ಹೇಳುವ ಸಮಾಧಾನವು ಸುಪರಿಚಿತ: ಇವೆಲ್ಲ ಅಪವಾದಗಳು, ಹಣವನ್ನು ನಾಲ್ಕು ಕಡೆ ಹಂಚಿಡಬೇಕು, ಸರ್ಕಾರದ ಬ್ಯಾಂಕಿನಲ್ಲಿಡಬೇಕು, ಕಾಗದಪತ್ರಗಳನ್ನು ವಕೀಲರಿಗೆ ತೋರಿಸಬೇಕು. ಇದು ಒಳ್ಳೆಯ ಬುದ್ಧಿವಾದ. ನಾನೂ ಹಾಗೆಯೇ ನಡೆಯುತ್ತೇನೆ. ಆದರೆ ಪ್ರಶ್ನೆ ಗಣಿತದ್ದಾಗಿದ್ದರೆ ಮಾತ್ರ ಇದು ಉತ್ತರವಾದೀತು. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಆಚಾರ್ಯ ಮಧ್ವರು ತಮ್ಮ ‘ತತ್ತ್ವಸಂಖ್ಯಾನ’ದ ಆರಂಭದಲ್ಲಿಯೇ ಇರುವ ವಸ್ತುಗಳನ್ನೆಲ್ಲ ಎರಡಾಗಿ ವಿಭಾಗಿಸಿದರು: ಸ್ವತಂತ್ರ, ಅಸ್ವತಂತ್ರ. ಸ್ವತಂತ್ರನು ವಿಷ್ಣುವೊಬ್ಬನೇ, ಮಿಕ್ಕದ್ದೆಲ್ಲವೂ ತನ್ನ ಇರವಿಗೂ ನಡೆಗೂ ಅರಿವಿಗೂ ಅವನನ್ನು ಆಶ್ರಯಿಸಿದ್ದು. ಈ ವಿಭಾಗವನ್ನು ಮಠದ ಪಾಠಶಾಲೆಯಲ್ಲಿ ಬಿಟ್ಟು ಬರುವ ನಾವು, ಅದು ನಮ್ಮ ಪಾಸ್‌ಬುಕ್ಕಿಗೂ ಅನ್ವಯಿಸುವುದೆಂದು ಯೋಚಿಸುವುದಿಲ್ಲ. ಠೇವಣಿಯು ಬ್ಯಾಂಕನ್ನು, ಬ್ಯಾಂಕು ಸಾಲಗಾರನನ್ನು, ಸಾಲಗಾರನು ಭೂಮಿಯ ಬೆಲೆಯನ್ನು, ಭೂಮಿಯ ಬೆಲೆಯು ಕೊಳ್ಳುವವರ ಉತ್ಸಾಹವನ್ನು, ಆ ಉತ್ಸಾಹವು ಇನ್ನೊಂದು ಬ್ಯಾಂಕಿನ ಸಾಲವನ್ನು ಆಶ್ರಯಿಸಿರುವುದು, ಈಜು ಬಾರದವನು ಈಜು ಬಾರದವನ ಕೊರಳನ್ನು ತಬ್ಬಿ ಧೈರ್ಯ ತಂದುಕೊಂಡಂತೆ. ನಾಲ್ಕು ಪರತಂತ್ರಗಳನ್ನು ಕೂಡಿಸಿದರೆ ಒಂದು ಸ್ವತಂತ್ರವಾಗುವುದಿಲ್ಲ. ಹಂಚಿಟ್ಟವನ ನಷ್ಟವು ಕಡಿಮೆಯಾದೀತು, ನಿಜ. ಆದರೆ ಅವನು ಯಾವುದರ ಮೇಲೆ ನಿಂತಿದ್ದಾನೆಂಬುದು ಅಷ್ಟರಿಂದ ಬದಲಾಗದು.

ಇದಕ್ಕಿಂತ ಬಲವಾದ ಆಕ್ಷೇಪವೊಂದುಂಟು; ಅದನ್ನು ಮರೆಮಾಚಿ ಮುಂದುವರಿಯುವುದು ಅಪ್ರಾಮಾಣಿಕತೆ. ಪಂಜಾಬ್ ಆಂಡ್ ಮಹಾರಾಷ್ಟ್ರ ಬ್ಯಾಂಕಿನ ಠೇವಣಿದಾರರಲ್ಲಿ ದೈವಭಕ್ತರಿರಲಿಲ್ಲವೆ? ಗುರುದ್ವಾರಗಳ ಹಣವೇ ಅಲ್ಲಿ ಸಿಕ್ಕಿಕೊಂಡಿತಲ್ಲ, ದೇವರು ತನ್ನ ಮನೆಯ ಹುಂಡಿಯನ್ನಾದರೂ ಉಳಿಸಿಕೊಂಡನೆ? ಉಳಿಸಿಕೊಳ್ಳಲಿಲ್ಲ. ಉಳಿಸಿಕೊಡುವೆನೆಂಬ ಮಾತನ್ನು ಅವನು ಕೊಟ್ಟುದೂ ಇಲ್ಲ. ಈಶ್ವರನನ್ನು ನಂಬಿದವನ ಅಸಲು ಸುರಕ್ಷಿತವೆಂದು ಸಾರುವವನು ಈಶ್ವರನನ್ನು ಇನ್ನೂ ದೊಡ್ಡದೊಂದು ಬ್ಯಾಂಕಾಗಿ ಮಾರುತ್ತಿದ್ದಾನೆ. ಅಂಥವನಿಗೂ ಟೊರೆಸ್‌ನ ದಲ್ಲಾಳಿಗೂ ನಾನು ಹೆಚ್ಚಿನ ಅಂತರವನ್ನು ಕಾಣೆನು. ಆ ತಿಂಗಳುಗಳಲ್ಲಿ ಕೆಲವು ಠೇವಣಿದಾರರು ಆಘಾತದಿಂದ ತೀರಿಕೊಂಡ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿದೆವು. ಅವರ ಮನೆಯವರಿಗೆ ‘ನಿಮ್ಮಲ್ಲಿ ಶ್ರದ್ಧೆ ಸಾಲದಾಯಿತು’ ಎಂದು ಹೇಳುವಷ್ಟು ಕ್ರೌರ್ಯ ಯಾವ ಆಸ್ತಿಕನಿಗೂ ಬಾರದಿರಲಿ. ನಾನು ದೂರುವುದು ಅವರನ್ನಲ್ಲ, ಅವರನ್ನು ಬಾಲ್ಯದಿಂದ ಪಾಲಿಸಿದ ಸಿದ್ಧಾಂತವನ್ನು: ಈ ಪುಸ್ತಕದಲ್ಲಿರುವ ಅಂಕಿಯೇ ನಿನ್ನ ಬಾಳು, ನಿನ್ನ ಮರ್ಯಾದೆ, ನಿನ್ನ ವೃದ್ಧಾಪ್ಯವೆಂದು ನಾಲ್ವತ್ತು ವರ್ಷ ಉಪದೇಶಿಸಿ, ಆ ಪುಸ್ತಕ ಮುಚ್ಚಿದ ದಿನ ಹೇಳಲು ಒಂದು ಮಾತೂ ಇಲ್ಲದೆ ಬಾಯಿ ಕಟ್ಟಿ ನಿಂತ ಸಿದ್ಧಾಂತವನ್ನು. ದೇವರಲ್ಲಿ ಭರವಸೆಯಿಟ್ಟವನ ಹಣವೂ ಹೋಗುತ್ತದೆ. ಹೋದುದು ತಾನಲ್ಲವೆಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ, ಅಷ್ಟೆ. ಈ ‘ಅಷ್ಟೆ’ ಅಲ್ಪವೆಂದು ತೋರಿದರೆ, ಅದನ್ನು ಯಾವ ಪಾಲಿಸಿಯ ನಿಬಂಧನೆಗಳಲ್ಲಿ ಬರೆದುಕೊಟ್ಟಿದ್ದಾರೆಂದು ಹುಡುಕಿ ನೋಡಬಹುದು.

ನಮ್ಮ ದೇವಸ್ಥಾನಗಳ ಸುತ್ತ ಬೆಳೆದಿರುವ ವ್ಯಾಪಾರವನ್ನು ಈ ಭರವಸೆಯೆಂದು ಯಾರೂ ತಪ್ಪು ತಿಳಿಯಬಾರದು. ನೆರೂಲಿನ ಶನೀಶ್ವರ ಮಂದಿರ, ಘನ್ಸೋಲಿಯ ಮೂಕಾಂಬಿಕಾ ದೇವಸ್ಥಾನ ಇವುಗಳನ್ನು ಊರು ಬಿಟ್ಟು ಬಂದ ನಮ್ಮವರು ಬೆಳೆಸಿದ್ದಾರೆ. ಅಲ್ಲಿ ಕೈಮುಗಿದು ನಿಂತವರಲ್ಲಿ ನಿಜವಾದ ಭಕ್ತರು ಬಹಳ ಮಂದಿ. ಆದರೂ ವೀಸಾ ಬಂದರೆ ಇಷ್ಟು, ಫ್ಲ್ಯಾಟಿನ ಬೀಗದ ಕೈ ಸಿಕ್ಕಿದರೆ ಇಷ್ಟು, ಷೇರು ಇಳಿಯದಿದ್ದರೆ ಇನ್ನಿಷ್ಟು ಎಂದು ಹರಕೆ ಹೇಳಿಕೊಳ್ಳುವವನು ನಂಬಿರುವುದು ವೀಸಾವನ್ನು. ದೇವರು ಅಲ್ಲಿ ಸಾಕ್ಷಿಯ ಸಹಿ ಹಾಕಲು ಬಂದವನು. ಹಿಂದೆ ನಮ್ಮ ಅಜ್ಜಿಯರು ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿಪು ಕಟ್ಟಿಡುತ್ತಿದ್ದುದರಲ್ಲಿಯೂ ಬೇಡಿಕೆ ಇದ್ದಿತೆಂಬುದನ್ನು ನಾನು ಮರೆತಿಲ್ಲ. ಆದರೆ ಕಟ್ಟಿಟ್ಟ ಆ ನಾಣ್ಯವು ಮನೆಯಲ್ಲಿ ಎಂಥ ಬರಗಾಲ ಬಂದರೂ ಮುಟ್ಟಬಾರದ ಹಣವಾಗಿತ್ತು. ಮನೆಯೊಳಗೆ ಮನೆಯವರದಲ್ಲದ ಒಂದು ವಸ್ತುವಿದೆಯೆಂಬ ನೆನಪನ್ನು ಅದು ದಿನವೂ ಉಳಿಸುತ್ತಿತ್ತು.

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕನ್ನಡ ಮಕ್ಕಳಿಗೆ ಇಂದಿಗೂ ಶಾಲೆಯಲ್ಲಿ ಹೇಳುತ್ತಾರೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಧಿಕವಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ಬಡವರ ಆತ್ಮಗೌರವದ ದೃಷ್ಟಾಂತವೆಂದು ಮೆಚ್ಚಿ ಮುಂದೆ ಸಾಗುತ್ತೇವೆ. ಅದರಲ್ಲಿರುವ ಅರ್ಥಶಾಸ್ತ್ರವನ್ನು ಗಮನಿಸುವುದಿಲ್ಲ. ನಾಳೆಯ ಅಕ್ಕಿಯನ್ನು ಇಂದೇ ತರುವುದು ಆಕೆಯ ಪಾಲಿಗೆ ವಿವೇಕವಾಗಿರದೆ, ಈಶ್ವರನ ಮೇಲಿಟ್ಟ ಸಂಶಯವಾಗಿತ್ತು. ಹಾಗೆಯೇ, ಲೇವಾದೇವಿಯ ವ್ಯಾಪಾರಿಯಾಗಿದ್ದು ‘ನವಕೋಟಿ ನಾರಾಯಣ’ನೆಂದು ಕರೆಸಿಕೊಂಡ ಶ್ರೀನಿವಾಸನಾಯಕನು ಎಲ್ಲವನ್ನೂ ತೊರೆದು ಪುರಂದರದಾಸನಾದನೆಂಬ ಐತಿಹ್ಯವುಂಟು. ಅವರು 1564ರಲ್ಲಿ ಹಂಪೆಯಲ್ಲಿ ಕಾಲವಾದರೆಂದು ಪರಂಪರೆಯ ನಂಬಿಕೆ. ಮರುವರ್ಷದ ಜನವರಿಯಲ್ಲಿ ರಕ್ಕಸತಂಗಡಿಯ ಸೋಲಿನೊಂದಿಗೆ ವಿಜಯನಗರದ ಬೊಕ್ಕಸವೂ ಪೇಟೆಯೂ ಸೂರೆಹೋದುವು. ದಾಸರ ಪದಗಳಾದರೋ ಡೊಂಬಿವಲಿಯ ಭಜನಾಮಂಡಳಿಗಳಿಗೂ ಬಂದು ತಲುಪಿವೆ. ಮಂಗಳಾರತಿಯಾಗುವ ಮುನ್ನವೇ ಹಿಂದಿನ ಸಾಲಿನಲ್ಲಿ ಠೇವಣಿಯ ಬಡ್ಡಿದರದ ಚರ್ಚೆ ಆರಂಭವಾಗುವುದು ಬೇರೆಯ ಮಾತು.

ಲೌಕಿಕ ಸಂಸ್ಥೆಗಳೇ ಅಲ್ಲವೆ ನಮ್ಮ ಸಮಾಜವನ್ನು ಈ ನಾಡಿನಲ್ಲಿ ಎತ್ತಿ ನಿಲ್ಲಿಸಿದುದು ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಉಡುಪಿಯಲ್ಲಿ ಕಷ್ಟಕ್ಕೀಡಾದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸಿತು. ಮುಂಬಯಿಯಲ್ಲಿ 1946ರಲ್ಲಿ ಮೊಗವೀರ ಬ್ಯಾಂಕೂ, 1978ರಲ್ಲಿ ಬಿಲ್ಲವರ ಪ್ರಯತ್ನದಿಂದ ಭಾರತ್ ಬ್ಯಾಂಕೂ ಸ್ಥಾಪಿತವಾದುವು. ಇವುಗಳನ್ನು ನಾನು ಅಭಿಮಾನದಿಂದಲೇ ನೆನೆಯುತ್ತೇನೆ. ಆದರೆ ಎರಡಾಣೆಯನ್ನು ಅಪರಿಚಿತ ಹುಡುಗನ ಕೈಗಿತ್ತ ಹೆಂಗಸು ಯಾವ ಕಾಗದವನ್ನು ಓದಿದ್ದಳು? ಸುಳ್ಳು ಲೆಕ್ಕ ಬರೆದವನು ದೈವದ ಮುಂದೆ ನಿಲ್ಲಬೇಕಾದೀತೆಂಬ ಅಂಜಿಕೆ, ಧರ್ಮಸ್ಥಳದ ‘ಹೊಯ್ಲು’ ಎಂಬ ನ್ಯಾಯತೀರ್ಮಾನದಲ್ಲಿ ಮಂಜುನಾಥನ ಸನ್ನಿಧಿಯಲ್ಲಿ ಆಡಿದ ಮಾತಿಗೆ ತಪ್ಪಬಾರದೆಂಬ ಕಟ್ಟು, ಇವು ಬ್ಯಾಂಕಿನ ಬಂಡವಾಳಕ್ಕಿಂತ ಮೊದಲೇ ಆ ಸೀಮೆಯಲ್ಲಿ ಚಲಾವಣೆಯಲ್ಲಿದ್ದವು. ಆ ನಂಬಿಕೆಯು ಸಂಸ್ಥೆಯನ್ನು ಹಡೆಯಿತು; ಸಂಸ್ಥೆಯು ನಂಬಿಕೆಯನ್ನು ಹಡೆಯಲಾರದೆಂಬುದು 21,049 ಖಾತೆಗಳ ಪ್ರಕರಣದಲ್ಲಿ ಸ್ಥಾಪಿತವಾಯಿತು. ಇನ್ನು ಸಿಂಡಿಕೇಟ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಫಲಕಗಳಿಂದ ಆ ಹೆಸರೇ ಅಳಿದುಹೋಯಿತು.

ಕಡಲಾಚೆಯ ಮಗನ ವಿಷಯವನ್ನು ಹೇಳದೆ ಬಿಡಲಾರೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿ, ಮಗನು ಕೊಂಡುಕೊಟ್ಟ ವಿಶಾಲವಾದ ಮನೆಯಲ್ಲಿ, ಅವನ ದೂರವಾಣಿಯ ಕರೆಗಾಗಿ ವಾರವಿಡೀ ಕಾಯುವ ವೃದ್ಧ ದಂಪತಿಗಳು ಅಲ್ಪಸಂಖ್ಯಾತರಲ್ಲ. ಮಗನನ್ನು ನಾನು ದೂಷಿಸೆನು. ಅವನ ನೌಕರಿಯೂ ಒಂದು ವೀಸಾದ ಕಾಗದಕ್ಕೆ ತೂಗುಬಿದ್ದಿದೆ. ಆದರೆ ಮಗನನ್ನು ‘ಭದ್ರತೆ’ಯಾಗಿ ಬೆಳೆಸಿದವರಿಗೆ ಅವನು ಮಗನಾಗಿ ಉಳಿಯುವುದು ಕಷ್ಟ. ಅವನು ಕಳುಹಿಸಿದುದೆಷ್ಟೆಂಬ ಲೆಕ್ಕವು, ಅವನು ಹೇಗಿದ್ದಾನೆಂಬ ಪ್ರಶ್ನೆಗಿಂತ ಮುಂದೆ ಬಂದು ಕುಳಿತುಕೊಳ್ಳುತ್ತದೆ. ದೇವರ ಮೇಲೆ ಹೊರಿಸಬೇಕಾಗಿದ್ದ ಭಾರವನ್ನು ಒಬ್ಬ ಹುಡುಗನ ಹೆಗಲ ಮೇಲೆ ಹೊರಿಸಿದರೆ ಅವನು ಕುಗ್ಗುವುದು ಸಹಜ.

ಭೀತಿಯನ್ನೇ ವಿವೇಕವೆಂದು ಬಗೆದ ಈ ಮತದ ಅತಿ ದೊಡ್ಡ ಅಪರಾಧವಾದರೂ ಬೇರೆಯೇ ಇದೆ: ಅದು ಕೈಯನ್ನು ಮುಚ್ಚಿಸುತ್ತದೆ. ಹೋಟೆಲಿನ ಬೆಂಚಿನ ಮೇಲೆ ಮಲಗಿ, ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಒಂದೇ ಖೋಲಿಯಲ್ಲಿ ಊರಿನಿಂದ ಬಂದ ಇನ್ನೂ ನಾಲ್ವರಿಗೆ ಎಡೆ ಕೊಟ್ಟವರ ಮೊಮ್ಮಕ್ಕಳು, ಮೂರು ಕೋಣೆಗಳ ಮನೆಯಲ್ಲಿ ಒಬ್ಬ ಅತಿಥಿಯನ್ನು ಎರಡು ದಿನ ಇರಿಸಿಕೊಳ್ಳಲು ಹಿಂಜರಿಯುತ್ತಾರೆ. ಅಂದಿನವರು ಕೊಟ್ಟುದು ಹೆಚ್ಚಾಗಿದ್ದುದರಿಂದಲ್ಲ. ನಾಳೆಗೆ ಕೊಡುವವನೊಬ್ಬನಿದ್ದಾನೆಂಬ ಧೈರ್ಯದಿಂದ. ಈ ಧೈರ್ಯ ತಪ್ಪಿದ ಲಕ್ಷಣವು ಈಗ ವ್ಯಕ್ತಿಗಳಲ್ಲಿ ಮಾತ್ರವಲ್ಲ, ನಮ್ಮ ಸಂಘಸಂಸ್ಥೆಗಳಲ್ಲಿಯೂ ಕಾಣುತ್ತಿದೆ. ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿಯು ಇಡಗಂಟು ಇಷ್ಟಕ್ಕೇರಿತೆಂದು ಓದಿದೊಡನೆ ಬೀಳುವ ಚಪ್ಪಾಳೆಯು, ವಿದ್ಯಾರ್ಥಿವೇತನ ಇಷ್ಟು ಮಂದಿಗೆ ಸಂದಿತೆಂದಾಗ ಬೀಳುವುದಿಲ್ಲ.

ಪಂಜಾಬ್ ಆಂಡ್ ಮಹಾರಾಷ್ಟ್ರ ಬ್ಯಾಂಕನ್ನು 2022ರ ಜನವರಿ 25ರಂದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಿದ ಯೋಜನೆಯಂತೆ, ದೊಡ್ಡ ಮೊತ್ತವಿಟ್ಟವರಿಗೆ 5 ಲಕ್ಷ ರೂಪಾಯಿಯ ಮೇಲಿನ ಹಣವು ಕಂತುಕಂತಾಗಿ, ಕಟ್ಟಕಡೆಯ ಭಾಗವು ಹತ್ತು ವರ್ಷಗಳ ಅನಂತರ, ಎಂದರೆ 2032ರಲ್ಲಿ, ಕೈಸೇರತಕ್ಕದ್ದು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ಮುದುಕನೊಬ್ಬನು ಅಷ್ಟು ಕಾಲ ಕಾಯಬಲ್ಲನೆಂದು ಯಾರು ಹೇಳಬೇಕು? ಅಂಥ ಸದಸ್ಯನಿಗೆ, ಬರಬೇಕಾದ ಆ ಹಣವನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಸಂಘಗಳ ಇಡಗಂಟಿನಿಂದ ಬಡ್ಡಿಯಿಲ್ಲದೆ ಈಗಲೇ ಕೊಡಬಾರದೇಕೆ? ಕೊಟ್ಟ ಹಣ ಹಿಂದಿರುಗದಿದ್ದರೆ ಏನು ಗತಿ ಎಂದು ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳುವುದು ನಿಶ್ಚಯ. ಸಂಘದ ಠೇವಣಿಯನ್ನು ಪ್ರತಿ ವರ್ಷ ನವೀಕರಿಸಲು ಕೈಯೆತ್ತಿ ಒಪ್ಪಿಗೆ ಕೊಡುವಾಗ ಇದೇ ಪ್ರಶ್ನೆಯನ್ನು ಅವರು ಕೇಳಿದುದುಂಟೋ ಎಂದು ಅಧ್ಯಕ್ಷರು ಅವರನ್ನು ವಿಚಾರಿಸಲಿ.